‘ಹೃದಯ ನಿಂತುಹೋಯಿತು’ ಅಂದರೆ ಕಾರಣ ಹೇಳಿದ ಹಾಗಾಯಿತಾ?

“ವಿಚಾರಣೆಗೆಂದು ಠಾಣೆಗೆ ಕರೆತಂದಿದ್ದ ವ್ಯಕ್ತಿಗೆ ಏಕಾಏಕಿ ಎದೆನೋವು ಕಾಣಿಸಿಕೊಂಡಿದ್ದು, ಕೂಡಲೇ ಆಸ್ಪತ್ರೆಗೆ ಸಾಗಿಸಲಾಯಿತಾದರೂ ಮಾರ್ಗಮಧ್ಯೆ ಕೊನೆಯುಸಿರೆಳೆದಿದ್ದಾನೆ.”

ಈ ಸಾಲನ್ನು ನೀವು ಎಷ್ಟು ಸಲ ಓದಿದ್ದೀರೋ, ನಾನಂತೂ ಲೆಕ್ಕ ಇಡೋದು ಬಿಟ್ಟಿದ್ದೇನೆ. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ವಾಕ್ಯ ಮಾತ್ರ ಅದೇ. ಸ್ವಲ್ಪ ನಿಂತು ನೋಡಿ, ಇದರಲ್ಲಿ ಯಾರೂ ಏನೂ ಮಾಡಿಲ್ಲ. ಎದೆನೋವು ತಾನಾಗಿ ಕಾಣಿಸಿಕೊಂಡಿತು, ಆಸ್ಪತ್ರೆಗೆ ಸಾಗಿಸಲಾಯಿತು, ಸಾವು ಸಂಭವಿಸಿತು. ಇಡೀ ವಾಕ್ಯದಲ್ಲಿ ಏನಾದರೂ ಮಾಡಿದವನು ಒಬ್ಬನೇ, ಸತ್ತವನು. ಅವನು ಉಸಿರೆಳೆದ.

ಬರೀ ಕನ್ನಡ ಪತ್ರಿಕೆಗಳ ಕಥೆ ಇದು ಅಂದುಕೊಳ್ಳಬೇಡಿ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಲ್ಲಿನ ಪೊಲೀಸರು ಹೊರಡಿಸಿದ ಮೊದಲ ಪ್ರಕಟಣೆಯ ತಲೆಬರಹವೂ ಇದೇ ಧಾಟಿಯದು: ಪೊಲೀಸರ ಜೊತೆಗಿದ್ದಾಗ ಒಂದು ‘ವೈದ್ಯಕೀಯ ಘಟನೆ’ ಆಯಿತು, ಆಮೇಲೆ ವ್ಯಕ್ತಿ ಸತ್ತ. ಕುತ್ತಿಗೆ ಮೇಲಿದ್ದ ಪೊಲೀಸನ ಮೊಣಕಾಲಿನ ಮಾತೇ ಇಲ್ಲ. ಪಕ್ಕದಲ್ಲಿ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ವಿಡಿಯೋ ಮಾಡಿ ಹಾಕದೇ ಇದ್ದಿದ್ದರೆ ಅದೂ ಒಂದು ಕಾಲಂನ ಸುದ್ದಿಯಾಗಿ ಮುಗಿದುಹೋಗುತ್ತಿತ್ತು.

ಇಂಥ ಸಾವಿನ ನಂತರದ ದಿನಗಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಥರ. ಮನೆಯವರು ‘ಹೊಡೆದು ಸಾಯಿಸಿದರು’ ಅನ್ನುತ್ತಾರೆ. ಪೊಲೀಸರು ‘ಅವನಿಗೆ ಮೊದಲೇ ಕಾಯಿಲೆ ಇತ್ತು’ ಅನ್ನುತ್ತಾರೆ. ಅಧಿಕಾರದಲ್ಲಿ ಇರುವವರು ‘ಪೋಸ್ಟ್‌ಮಾರ್ಟಮ್ ವರದಿ ಬರಲಿ’ ಅನ್ನುತ್ತಾರೆ. ಕೊನೆಗೂ ವರದಿ ಬರುತ್ತದೆ. ಆಗ ಏನಾಗುತ್ತದೆ ಗೊತ್ತಾ, ಎರಡೂ ಕಡೆಯವರು ಅದೇ ಕಾಗದ ಹಿಡಿದುಕೊಂಡು ‘ನೋಡಿ, ನಾವು ಹೇಳಿರಲಿಲ್ವಾ’ ಅನ್ನುತ್ತಾರೆ. ಒಂದೇ ಕಾಗದ ಇಬ್ಬರಿಗೂ ಹೇಗೆ ಸಾಕ್ಷಿಯಾಗುತ್ತದೆ?

ನನಗೆ ಅರ್ಥವಾದ ಮಟ್ಟಿಗೆ ದೇಹದಲ್ಲಿ ಏನು ಸಿಕ್ಕಿತು ಅನ್ನೋದರ ಬಗ್ಗೆ ಜಗಳ ಕಮ್ಮಿ. ಸಿಕ್ಕಿದ್ದನ್ನು ಯಾವ ಸಾಲಿನಲ್ಲಿ ಬರೆಯಬೇಕು ಅನ್ನೋದರ ಬಗ್ಗೆಯೇ ಜಾಸ್ತಿ.

ಸಾಲು ಅಂದೆ, ನಿಜವಾಗಲೂ ಸಾಲೇ. ಸಾವಿಗೆ ವೈದ್ಯರು ಕೊಡುವ ಪ್ರಮಾಣಪತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂದು ನಮೂನೆ ಹಾಕಿಕೊಟ್ಟಿದೆ, ಬಹಳಷ್ಟು ದೇಶಗಳು ಅದನ್ನೇ ಅಥವಾ ಅದರಂಥದ್ದನ್ನೇ ಬಳಸುತ್ತವೆ. ಅದರಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಒಂದರ ಕೆಳಗೊಂದು ಖಾಲಿ ಸಾಲು. ಮೇಲಿನ ಸಾಲಿನಲ್ಲಿ ಕೊನೇ ಗಳಿಗೆಯಲ್ಲಿ ಏನಾಯಿತು ಅಂತ ಬರೆಯಬೇಕು. ಅದರ ಕೆಳಗೆ ‘ಇದು ಯಾವುದರಿಂದ ಆಯಿತು’, ಅದರ ಕೆಳಗೆ ‘ಅದು ಯಾವುದರಿಂದ ಆಯಿತು’. ಹೀಗೆ ಇಳಿಯುತ್ತಾ ಹೋಗಿ ತಳದಲ್ಲಿ ನಿಲ್ಲೋದು ಮೂಲ ಕಾರಣ. ಎರಡನೇ ಭಾಗ ಬೇರೆ. ಸಾವನ್ನು ಸ್ವಲ್ಪ ಹತ್ತಿರ ತಂದಿರಬಹುದಾದ, ಆದರೆ ಆ ಸರಪಳಿಯಲ್ಲಿ ನೇರವಾಗಿ ಸೇರದ ಬಿಪಿ, ಶುಗರ್, ಆಸ್ತಮಾದಂಥವೆಲ್ಲ ಅಲ್ಲಿಗೆ ಹೋಗುತ್ತವೆ.

‘ಹೃದಯ ಸ್ತಂಭನ’ ಅನ್ನೋದು ಮೇಲಿನ ಸಾಲಿನ ಮಾತು. ಅದೊಂದನ್ನೇ ಬರೆದು ಸಹಿ ಹಾಕಬೇಡಿ ಅಂತ ವೈದ್ಯಕೀಯ ವಿದ್ಯಾರ್ಥಿಗಳಿಗೇ ಹೇಳಿಕೊಡುತ್ತಾರೆ, ಯಾಕೆಂದರೆ ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ. ಬಾವಿಗೆ ಬಿದ್ದವನದ್ದೂ ನಿಲ್ಲುತ್ತದೆ, ಗುಂಡು ತಿಂದವನದ್ದೂ ನಿಲ್ಲುತ್ತದೆ. ಅದು ಸತ್ತ ಅನ್ನೋದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದ ಹಾಗೆ. ಇದರ ಜೊತೆಗೆ ನಮ್ಮ ಸುದ್ದಿಗಳಲ್ಲಿ ಹೃದಯ ಸ್ತಂಭನವೂ ಹೃದಯಾಘಾತವೂ ಒಂದೇ ಆಗಿಬಿಟ್ಟಿದೆ. ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳೋದು, ಅದೊಂದು ಕಾಯಿಲೆ. ಸ್ತಂಭನ ಅಂದರೆ ಬಡಿತ ನಿಂತುಹೋಗೋದು, ಯಾತರಿಂದ ಬೇಕಾದರೂ ನಿಲ್ಲಬಹುದು. ವೈದ್ಯರು ಸ್ತಂಭನ ಅಂತ ಬರೆದದ್ದು ಪ್ರಕಟಣೆಯಲ್ಲಿ ಆಘಾತ ಆಗುತ್ತದೆ, ಸಂಜೆಯ ಹೊತ್ತಿಗೆ ಟಿವಿಯಲ್ಲಿ ‘ಹಾರ್ಟ್ ಅಟ್ಯಾಕ್‌ನಿಂದ ಸಾವು’. ಎಲ್ಲೂ ಯಾರೂ ಸುಳ್ಳು ಬರೆದಂತೆ ಕಾಣೋದಿಲ್ಲ, ಆದರೂ ಏಟು ತಿಂದವನು ಕಾಯಿಲೆಯಿಂದ ಸತ್ತವನಾಗಿ ಬಿಡುತ್ತಾನೆ.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬನ ತೊಡೆ, ಪೃಷ್ಠ, ಬೆನ್ನಿಗೆ ಗಂಟೆಗಟ್ಟಲೆ ಲಾಠಿ ಏಟು ಬಿದ್ದಿದೆ ಅಂದುಕೊಳ್ಳಿ. ಮೂಳೆ ಮುರಿದಿಲ್ಲ, ತಲೆಗೆ ಏನೂ ಆಗಿಲ್ಲ. ಅವನು ಮಾತಾಡುತ್ತಾನೆ, ಕುಂಟುತ್ತಾ ನಡೆಯುತ್ತಾನೆ, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಲೂಬಹುದು. ಆದರೆ ಒಳಗೆ ದೊಡ್ಡ ದೊಡ್ಡ ಮಾಂಸಖಂಡಗಳು ಜಜ್ಜಿಹೋಗಿವೆ. ಅವುಗಳಿಂದ ಮಯೋಗ್ಲೋಬಿನ್ ಅನ್ನೋ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಮೂತ್ರ ಕೋಲಾದಂತೆ ಕಪ್ಪಗಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ. ಅದರಿಂದ ಎರಡನೇ ದಿನವೋ ಮೂರನೇ ದಿನವೋ ಹೃದಯ ನಿಲ್ಲುತ್ತದೆ. ಈಗ ಪ್ರಮಾಣಪತ್ರ ತುಂಬಿ ನೋಡಿ. ಮೇಲಿನ ಸಾಲು: ಹೃದಯ ಸ್ತಂಭನ. ಅದರ ಕೆಳಗೆ: ಕಿಡ್ನಿ ವೈಫಲ್ಯ. ಅದರ ಕೆಳಗೆ: ಮಾಂಸಖಂಡ ಜಜ್ಜಿಹೋಗಿರುವುದು. ತಳದಲ್ಲಿ: ಮೊಂಡಾದ ವಸ್ತುವಿನಿಂದ ಹಲವು ಏಟು. ಎರಡನೇ ಸಾಲಿಗೇ ಪೆನ್ನು ನಿಲ್ಲಿಸಿದರೆ ಅವನು ಕಿಡ್ನಿ ರೋಗಿ. ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ!

ಫ್ಲಾಯ್ಡ್ ಪ್ರಕರಣದ ಜಗಳವೂ ಇದೇ. ಮಿನಿಯಾಪೊಲಿಸ್ ಸೇರಿರುವ ಹೆನೆಪಿನ್ ಕೌಂಟಿಯ ಸರ್ಕಾರಿ ವೈದ್ಯ ಪರೀಕ್ಷಕರು (ಇಂಥ ಸಾವುಗಳ ಕಾರಣ ಪರೀಕ್ಷಿಸಿ ಬರೆಯುವ ವೈದ್ಯರು) ಮೊದಲ ಭಾಗದಲ್ಲಿ ಬರೆದದ್ದು, ಪೊಲೀಸರು ಬಲವಂತವಾಗಿ ಅದುಮಿ ಹಿಡಿದು ಕುತ್ತಿಗೆ ಒತ್ತಿದ ಸಂದರ್ಭದಲ್ಲಿ ಹೃದಯ ಮತ್ತು ಉಸಿರಾಟ ನಿಂತಿತು ಅಂತ. ಹೃದ್ರೋಗ, ಫೆಂಟನಿಲ್ ಮತ್ತು ಮೆಥಾಂಫೆಟಮೈನ್ ಅನ್ನೋ ಡ್ರಗ್ಸ್ ಎಲ್ಲವೂ ದೇಹದಲ್ಲಿ ಇದ್ದವು, ಅವರು ಅವನ್ನು ಮುಚ್ಚಿಡಲಿಲ್ಲ. ಆದರೆ ಎರಡನೇ ಭಾಗದಲ್ಲಿ ಬರೆದರು. ಕುಟುಂಬದವರು ಮಾಡಿಸಿದ ಬೇರೆ ಪರೀಕ್ಷೆ ನೇರವಾಗಿ ಉಸಿರುಗಟ್ಟಿ ಸಾವು ಅಂದಿತು. ಆರೋಪಿ ಪರ ವಕೀಲರ ಕೆಲಸ ಏನಾಯಿತು ಅಂದರೆ, ಎರಡನೇ ಭಾಗದಲ್ಲಿ ಇದ್ದದ್ದನ್ನು ಹೇಗಾದರೂ ಮಾಡಿ ಮೊದಲ ಭಾಗಕ್ಕೆ ಎಳೆದು ತರೋದು. ಅವರು ಕರೆಸಿದ ಪರಿಣತರು ಹೃದಯದ ಕಾಯಿಲೆ, ಡ್ರಗ್ಸ್, ಪಕ್ಕದಲ್ಲಿದ್ದ ಪೊಲೀಸ್ ಕಾರಿನ ಹೊಗೆಯನ್ನೂ ಸೇರಿಸಿ ಕೊನೆಗೆ ‘ಇಂಥದ್ದೇ ಅಂತ ತೀರ್ಮಾನಿಸಲಾಗದು’ ಅಂದರು. ಸರ್ಕಾರದ ಕಡೆಯ ಶ್ವಾಸಕೋಶ ತಜ್ಞ ಮಾರ್ಟಿನ್ ಟೋಬಿನ್ ವಿಡಿಯೋ ಇಟ್ಟುಕೊಂಡು ಪ್ರತಿ ಉಸಿರನ್ನೂ ಲೆಕ್ಕ ಹಾಕಿ ತೋರಿಸಿದರು. ಪೂರ್ತಿ ಆರೋಗ್ಯವಂತನಿಗೆ ಹೀಗೆ ಮಾಡಿದ್ದರೂ ಅವನು ಸಾಯುತ್ತಿದ್ದ ಅನ್ನೋದು ಅವರ ಸಾಕ್ಷ್ಯದ ಸಾರ. ಮೊಣಕಾಲು ಕುತ್ತಿಗೆ ಮೇಲಿದ್ದ 9 ನಿಮಿಷ 29 ಸೆಕೆಂಡಿನ ಲೆಕ್ಕ ಅದು. 2021ರ ಏಪ್ರಿಲ್‌ನಲ್ಲಿ ಜ್ಯೂರಿ ಆ ಪೊಲೀಸ್ ಅಧಿಕಾರಿಯನ್ನು ಮೂರೂ ಆರೋಪಗಳಲ್ಲಿ ದೋಷಿ ಅಂದಿತು.

ಇನ್ನೊಂದು ಗೊಂದಲವೂ ಇಲ್ಲೇ ಹುಟ್ಟಿತು. ಅಮೆರಿಕದ ವೈದ್ಯ ಪರೀಕ್ಷಕರು ಕಾರಣದ ಜೊತೆ ಸಾವಿನ ‘ಬಗೆ’ಯನ್ನೂ ಬರೆಯುತ್ತಾರೆ: ಸಹಜ, ಅಪಘಾತ, ಆತ್ಮಹತ್ಯೆ, ಹತ್ಯೆ, ತೀರ್ಮಾನಿಸಲಾಗದ್ದು. ಅಲ್ಲಿ ‘ಹತ್ಯೆ’ ಅಂದರೆ ಇನ್ನೊಬ್ಬರ ಕೈಯಿಂದ ಆದ ಸಾವು ಅಂತ ಅಷ್ಟೇ ಅರ್ಥ. ಕೊಲೆ ಅಂತ ಅಲ್ಲ. ತಪ್ಪು ಯಾರದ್ದು, ಉದ್ದೇಶ ಇತ್ತಾ, ಕಾನೂನಿನ ಒಳಗೇ ನಡೆಯಿತಾ, ಅದು ಕೋರ್ಟಿನ ಕೆಲಸ. 2014ರಲ್ಲಿ ನ್ಯೂಯಾರ್ಕಿನಲ್ಲಿ ಪೊಲೀಸರು ಹಿಡಿದಾಗ ಸತ್ತ ಎರಿಕ್ ಗಾರ್ನರ್ ವಿಷಯದಲ್ಲಿ ವೈದ್ಯರು ‘ಹತ್ಯೆ’ ಅಂತಲೇ ಬರೆದಿದ್ದರು, ಕುತ್ತಿಗೆ ಮತ್ತು ಎದೆ ಅದುಮಿದ್ದು, ಬೋರಲು ಮಲಗಿಸಿದ್ದು ಕಾರಣ ಅಂತಲೂ ಹೇಳಿದ್ದರು. ಆದರೂ ಆರೋಪ ಹೊರಿಸಬೇಕೋ ಬೇಡವೋ ಅಂತ ನಿರ್ಧರಿಸುವ ನಾಗರಿಕರ ಮಂಡಳಿ, ಅಂದರೆ ಗ್ರಾಂಡ್ ಜ್ಯೂರಿ, ಯಾರ ಮೇಲೂ ಆರೋಪ ಹೊರಿಸಲಿಲ್ಲ. ಕುತ್ತಿಗೆ ಅದುಮಿದ್ದ ಪೊಲೀಸ್ ಅಧಿಕಾರಿಯ ಕೆಲಸ ಹೋದದ್ದು ಐದು ವರ್ಷದ ಮೇಲೆ.

‘ಅವನಿಗೆ ಮೊದಲೇ ಕಾಯಿಲೆ ಇತ್ತಲ್ವಾ’ ಅನ್ನೋ ವಾದಕ್ಕೆ ಬರೋಣ. ಚರ್ಚೆಗಳಲ್ಲಿ ಇದನ್ನು ಬ್ರಹ್ಮಾಸ್ತ್ರದ ಥರ ಬಿಡುತ್ತಾರೆ. ಇಂಗ್ಲಿಷ್ ಕಾನೂನಿನ ಪರಂಪರೆಯಲ್ಲಿ ಇದಕ್ಕೆ ಬಹಳ ಹಳೆಯ ಉತ್ತರವಿದೆ, ಮೊಟ್ಟೆಯ ಚಿಪ್ಪಿನಂಥ ತಲೆಬುರುಡೆಯ ನಿಯಮ ಅನ್ನುತ್ತಾರೆ. ನೀವು ಹೊಡೆದವನ ಬುರುಡೆ ಮೊಟ್ಟೆ ಚಿಪ್ಪಿನಷ್ಟು ತೆಳ್ಳಗಿತ್ತು, ಬೇರೆಯವರಾಗಿದ್ದರೆ ಬದುಕುತ್ತಿದ್ದರು ಅಂತ ಹೇಳಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಅವನು ಹೇಗಿದ್ದನೋ ಹಾಗೇ ನಿಮಗೆ ಸಿಕ್ಕಿದ್ದಾನೆ. ಅದಿರಲಿ, ಬೀದಿಯಲ್ಲಿ ಯಾರೋ ಹೃದ್ರೋಗಿಯನ್ನು ನೂಕಿ ಬೀಳಿಸಿ ಅವನು ಸತ್ತರೆ, ನಾವು ‘ಪಾಪ ನೂಕಿದವನಿಗೇನು ಗೊತ್ತು’ ಅಂತ ಅಲ್ಲಿಗೇ ಬಿಡುತ್ತೇವಾ? ಠಾಣೆಯೊಳಗಿನ ಸಾವಿಗೆ ಮಾತ್ರ ಈ ಔದಾರ್ಯ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಾಗಂತ ಪೋಸ್ಟ್‌ಮಾರ್ಟಮ್ ಟೇಬಲ್ ಮೇಲೆ ಎಲ್ಲವೂ ಸ್ಪಷ್ಟವಾಗಿ ಬರೆದಿಟ್ಟಿರುತ್ತದೆ, ವೈದ್ಯರು ಬೇಕಂತಲೇ ಮುಚ್ಚಿಡುತ್ತಾರೆ ಅಂದುಕೊಂಡರೆ ಅದೂ ತಪ್ಪು. ಎಷ್ಟು ಸಣ್ಣ ವಿಷಯದ ಮೇಲೆ ಎಷ್ಟು ದೊಡ್ಡದು ನಿಂತಿರುತ್ತದೆ ಅನ್ನೋದಕ್ಕೆ ಲಂಡನ್ನಿನ ಇಯಾನ್ ಟಾಮ್ಲಿನ್ಸನ್ ಪ್ರಕರಣ ನೋಡಿ. ಅವನು ಬಂಧನದಲ್ಲೂ ಇರಲಿಲ್ಲ. ಪತ್ರಿಕೆ ಮಾರುವವನು, 47 ವರ್ಷ. 2009ರ ಏಪ್ರಿಲ್ 1ರಂದು ಜಿ20 ಪ್ರತಿಭಟನೆಯ ಗಲಾಟೆ ನಡುವೆ, ಜೇಬಿನಲ್ಲಿ ಕೈ ಇಟ್ಟುಕೊಂಡು ನಡೆದು ಹೋಗುತ್ತಿದ್ದ. ಪೊಲೀಸನೊಬ್ಬ ಲಾಠಿಯಿಂದ ಕಾಲಿಗೆ ಹೊಡೆದು ಹಿಂದಿನಿಂದ ನೂಕಿದ. ಬಿದ್ದ, ಎದ್ದ, ಸ್ವಲ್ಪ ದೂರ ನಡೆದು ಕುಸಿದ. ಮೊದಲು ಪರೀಕ್ಷೆ ಮಾಡಿದ ವೈದ್ಯರು ಹೃದಯದ ರಕ್ತನಾಳದ ಕಾಯಿಲೆ ಅಂದರು. ನೂಕಿದ ವಿಡಿಯೋ ಹೊರಗೆ ಬಂದದ್ದು ಆರು ದಿನದ ಮೇಲೆ. ಆಮೇಲೆ ಎರಡನೇ ಪರೀಕ್ಷೆ ಮಾಡಿದವರು ಪೆಟ್ಟಿನಿಂದ ಹೊಟ್ಟೆಯೊಳಗೆ ರಕ್ತಸ್ರಾವ ಅಂದರು.

ಯಾರು ಸರಿ? ಎಲ್ಲವೂ ಹೊಟ್ಟೆಯೊಳಗೆ ಸಿಕ್ಕಿದ ಸುಮಾರು ಮೂರು ಲೀಟರ್ ದ್ರವದ ಮೇಲೆ ನಿಂತಿತ್ತು. ಮೊದಲ ವೈದ್ಯರ ಮೊದಲ ವರದಿಯಲ್ಲಿ ಅದು ರಕ್ತ ಅನ್ನುವ ಅರ್ಥ ಬರುವಂತೆ ಇತ್ತು. ಆಮೇಲಿನ ವರದಿಯಲ್ಲಿ ಅದು ರಕ್ತ ‘ಬೆರೆತ’ ದ್ರವ ಆಯಿತು. ಒಂದೇ ಒಂದು ಪದ ಹೆಚ್ಚಾಯಿತು ಅಷ್ಟೇ. ಆದರೆ ಮನುಷ್ಯನ ಮೈಯಲ್ಲಿ ಇರೋದೇ ಸುಮಾರು ಐದು ಲೀಟರ್ ರಕ್ತ, ಅದರಲ್ಲಿ ಮೂರು ಲೀಟರ್ ಹೊಟ್ಟೆಗೆ ಹರಿದಿದ್ದರೆ ಬೇರೆ ಕಾರಣ ಹುಡುಕೋದೇ ಬೇಡ. ರಕ್ತ ಬೆರೆತ ನೀರು ಅಂದರೆ, ಟಾಮ್ಲಿನ್ಸನ್‌ನಂಥ ಲಿವರ್ ಕೆಟ್ಟ ಕುಡುಕನ ಹೊಟ್ಟೆಯಲ್ಲಿ ಅದು ಮೊದಲೇ ತುಂಬಿಕೊಂಡಿರಬಹುದು. ಅದನ್ನು ಪರೀಕ್ಷೆಗೆ ಕಳಿಸಿದ್ದರೆ ತೀರ್ಮಾನ ಆಗುತ್ತಿತ್ತು. ಆದರೆ ಮೊದಲ ವೈದ್ಯರು ಆ ದ್ರವವನ್ನು ತೆಗೆದಿಟ್ಟುಕೊಂಡಿರಲಿಲ್ಲ. ಎರಡನೆಯವರು ಬರುವ ಹೊತ್ತಿಗೆ ಅದು ಇಲ್ಲ. 2010ರಲ್ಲಿ ಸರ್ಕಾರಿ ಅಭಿಯೋಜಕರು, ವೈದ್ಯರ ನಡುವೆ ಹೊಂದಾಣಿಕೆಯಾಗದ ಭಿನ್ನಾಭಿಪ್ರಾಯ ಇದೆ, ಕೇಸು ನಿಲ್ಲೋದಿಲ್ಲ ಅಂತ ಕೈಬಿಟ್ಟರು. 2011ರಲ್ಲಿ ಸಾವು ಹೇಗಾಯಿತು ಅಂತ ವಿಚಾರಿಸುವ ಇನ್‌ಕ್ವೆಸ್ಟ್ ಜ್ಯೂರಿ ಇದು ಕಾನೂನುಬಾಹಿರ ಹತ್ಯೆ ಅಂದಿತು. ಅದಾದ ಮೇಲೆ ಕೇಸು ನಡೆದು 2012ರಲ್ಲಿ ಆ ಪೊಲೀಸ್ ಖುಲಾಸೆಯಾದ, ಅದೇ ವರ್ಷ ಮೊದಲ ವೈದ್ಯರ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದರು. ಇಷ್ಟೆಲ್ಲ ಆದಮೇಲೂ ಆ ಮೂರು ಲೀಟರ್‌ನಲ್ಲಿ ರಕ್ತ ಎಷ್ಟು, ನೀರು ಎಷ್ಟು ಅಂತ ಅಳೆದು ಹೇಳೋದು ಯಾರಿಂದಲೂ ಆಗಲಿಲ್ಲ.

ಎರಡನೇ ಪೋಸ್ಟ್‌ಮಾರ್ಟಮ್ ಮಾಡಿಸಿ ಅಂತ ಮನೆಯವರು ಹೋರಾಡೋದು ನ್ಯಾಯವೇ. ಆದರೆ ಅದರ ಮೇಲೆ ಇಡುವ ನಂಬಿಕೆ ಸ್ವಲ್ಪ ಜಾಸ್ತಿ. ಎರಡನೆಯವರ ಕೈಗೆ ಸಿಗೋದು ಈಗಾಗಲೇ ತೆರೆದು, ಅಂಗಾಂಗ ಹೊರತೆಗೆದು, ಹೊಲಿದ ದೇಹ. ಮೊದಲನೆಯವರು ನೋಡದೇ ಬಿಟ್ಟದ್ದು ಎಷ್ಟೋ ಸಲ ಶಾಶ್ವತವಾಗಿ ಹೋದಂತೆಯೇ.

ಕಾಯಿಲೆ ಸಿಗದೇ ಇದ್ದಾಗ ಕಾಯಿಲೆಯನ್ನೇ ಹುಟ್ಟಿಸಿದ ಕಥೆಯೂ ಇದೆ. 1985ರಲ್ಲಿ ಮಯಾಮಿಯ ಇಬ್ಬರು ವೈದ್ಯರು ‘ಎಕ್ಸೈಟೆಡ್ ಡಿಲೀರಿಯಂ’ ಅನ್ನೋ ಹೆಸರನ್ನು ಚಲಾವಣೆಗೆ ತಂದರು. ಉದ್ರಿಕ್ತ ಸನ್ನಿ ಅನ್ನಬಹುದೇನೋ. ಕೊಕೇನ್ ತಗೊಂಡವನು ಹುಚ್ಚೆದ್ದು ಕೂಗಾಡುತ್ತಾನೆ, ಮೈ ಕಾದು ಹೋಗುತ್ತದೆ, ಅಸಾಧ್ಯ ಬಲ ಬರುತ್ತದೆ, ಇದ್ದಕ್ಕಿದ್ದಂತೆ ಸಾಯುತ್ತಾನೆ. ಸಾಯೋದು ಮಾತ್ರ ಹೆಚ್ಚಾಗಿ ನಾಲ್ಕು ಜನ ಪೊಲೀಸರು ಅದುಮಿ ಹಿಡಿದಾಗಲೇ! ಆ ಇಬ್ಬರಲ್ಲಿ ಒಬ್ಬರು ಅದೇ ಊರಿನಲ್ಲಿ ಸತ್ತು ಸಿಕ್ಕ ಹಲವು ಕಪ್ಪು ಮಹಿಳೆಯರ ಸಾವಿಗೂ ಕೊಕೇನ್ ಮತ್ತು ಲೈಂಗಿಕ ಉದ್ರೇಕವೇ ಕಾರಣ ಅಂದಿದ್ದರು. ಅದೇ ಥರ ಸಿಕ್ಕ 14 ವರ್ಷದ ಹುಡುಗಿಯ ದೇಹದಲ್ಲಿ ಕೊಕೇನೇ ಇಲ್ಲ ಅಂತ ಗೊತ್ತಾದಾಗ ಹಳೆಯ ಫೈಲುಗಳನ್ನು ತೆರೆದರು. ಆ ಮಹಿಳೆಯರನ್ನು ಉಸಿರುಗಟ್ಟಿಸಿ ಕೊಂದಿರುವುದು ಕಂಡಿತು, ಪೊಲೀಸರ ಅನುಮಾನ ಒಬ್ಬ ಸರಣಿ ಹಂತಕನತ್ತ ತಿರುಗಿತು. ಇಷ್ಟಾದರೂ ಆ ಸನ್ನಿಯ ಹೆಸರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾವಿನ ಪ್ರಮಾಣಪತ್ರಗಳಲ್ಲಿ ಓಡಾಡಿತು. ಅಮೆರಿಕದ ವೈದ್ಯ ಪರೀಕ್ಷಕರ ರಾಷ್ಟ್ರೀಯ ಸಂಘ ಇದನ್ನು ಸಾವಿನ ಕಾರಣವಾಗಿ ಒಪ್ಪೋದಿಲ್ಲ ಅಂತ ಹೇಳಿದ್ದು 2023ರಲ್ಲಿ. ತುರ್ತು ಚಿಕಿತ್ಸಾ ವೈದ್ಯರ ಸಂಘ ಈ ಸನ್ನಿಯನ್ನು ಒಪ್ಪಿದ್ದ ತನ್ನ 2009ರ ವರದಿಯನ್ನು ಹಿಂತೆಗೆದುಕೊಂಡದ್ದೂ ಅದೇ ವರ್ಷ. ಕ್ಯಾಲಿಫೋರ್ನಿಯಾ ಕಾನೂನು ಮಾಡಿಯೇ ಈ ಪದವನ್ನು ಹೊರಗಿಟ್ಟಿತು.

ಇವೆಲ್ಲ ಎಲ್ಲೋ ಒಂದೆರಡು ಎಡವಟ್ಟು ಅಂದುಕೊಳ್ಳೋ ಹಾಗೂ ಇಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ 2003ರಿಂದ 2019ರವರೆಗೆ ಪೊಲೀಸರು ಅದುಮಿ ಹಿಡಿದಾಗ ಆದಂಥ 87 ಸಾವುಗಳ ಫೈಲುಗಳನ್ನು ಹೊರಗಿನ ತಜ್ಞರಿಗೆ ಕೊಟ್ಟು ಮತ್ತೆ ನೋಡಿಸಿದರು. ಪ್ರತಿ ಫೈಲಿಗೆ ಮೂವರು. 2025ರಲ್ಲಿ ಬಂದ ಫಲಿತಾಂಶದಲ್ಲಿ 36 ಸಾವುಗಳನ್ನು ಮೂವರೂ ಒಮ್ಮತದಿಂದ ‘ಹತ್ಯೆ’ ಅಂದರು, ಆ ರಾಜ್ಯದ ಕಚೇರಿ ಮೊದಲು ಅವುಗಳಲ್ಲಿ ಒಂದಕ್ಕೂ ಹಾಗೆ ಬರೆದಿರಲಿಲ್ಲ. ಆ ಕಾಲದಲ್ಲಿ ಅಲ್ಲಿ ಮುಖ್ಯಸ್ಥರಾಗಿದ್ದವರು ಯಾರು ಅಂತೀರಿ, ಫ್ಲಾಯ್ಡ್ ಕೇಸಿನಲ್ಲಿ ‘ತೀರ್ಮಾನಿಸಲಾಗದು’ ಅಂತ ಸಾಕ್ಷಿ ಹೇಳಿದ ಅದೇ ಪರಿಣತರು. ಅಂಕಿಅಂಶದ ಮಟ್ಟದಲ್ಲೂ ಇದು ಕಾಣುತ್ತದೆ. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 1980ರಿಂದ 2018ರವರೆಗೆ ಅಮೆರಿಕದಲ್ಲಿ ಪೊಲೀಸ್ ಹಿಂಸೆಯಿಂದ ಆದ ಸಾವು ಸುಮಾರು 30,800. ಸರ್ಕಾರಿ ಮರಣ ದಾಖಲೆಗಳಲ್ಲಿ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆ ಕಾರಣದ ಲೆಕ್ಕಕ್ಕೆ ಸೇರಿಹೋಗಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪುಗಳನ್ನೂ ಹೇಳಲೇಬೇಕು. ಶವದ ಫೋಟೋ ವಾಟ್ಸ್ಯಾಪಿನಲ್ಲಿ ಬಂದ ತಕ್ಷಣ ನಾವೆಲ್ಲ ಫೊರೆನ್ಸಿಕ್ ತಜ್ಞರಾಗಿಬಿಡುತ್ತೇವೆ. ಬೆನ್ನು ಪೂರ್ತಿ ನೇರಳೆ ಬಣ್ಣ, ನೋಡಿ ಹೇಗೆ ಹೊಡೆದಿದ್ದಾರೆ! ಸತ್ತ ಮೇಲೆ ರಕ್ತ ಓಡಾಡೋದಿಲ್ಲ, ದೇಹದ ಯಾವ ಭಾಗ ಕೆಳಗಿದೆಯೋ ಅಲ್ಲಿಗೆ ಇಳಿದು ಕೂರುತ್ತದೆ. ಅಂಗಾತ ಮಲಗಿಸಿದರೆ ಬೆನ್ನು ನೇರಳೆಯಾಗುತ್ತದೆ, ಹೊಡೆಯದಿದ್ದರೂ ಆಗುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಅಲ್ಲಿ ಕೊಯ್ದು ನೋಡಬೇಕು. ನಿಜವಾದ ಏಟಾದರೆ ರಕ್ತ ಮಾಂಸದೊಳಗೆ ಹೆಪ್ಪುಗಟ್ಟಿರುತ್ತದೆ, ತೊಳೆದರೆ ಹೋಗೋದಿಲ್ಲ. ಹಾಗೆಯೇ ‘ನೇಣು ಹಾಕಿಕೊಂಡಿದ್ದಾನಂತೆ, ಆದರೆ ಕಾಲು ನೆಲಕ್ಕೆ ತಾಗಿತ್ತು, ಅಂದರೆ ಕೊಲೆ’ ಅನ್ನೋ ವಾದ. ಕಾಲು ನೆಲಕ್ಕೆ ತಾಗಿದ್ದರೂ, ಕೂತಿದ್ದರೂ ನೇಣಿನಿಂದ ಸಾವು ಬರಬಹುದು, ಇಡೀ ಮೈಭಾರ ಬೇಕಾಗಿಲ್ಲ. ಅದರ ಬದಲು, ಲಾಕಪ್ಪಿಗೆ ಹಾಕುವಾಗ ಬೆಲ್ಟು, ಲಾಡಿ, ಟವೆಲ್ಲು ತೆಗೆದಿಟ್ಟುಕೊಂಡಿರಲಿಲ್ವಾ, ಕಾವಲಿಗೆ ಇದ್ದವನು ಎಲ್ಲಿಗೆ ಹೋಗಿದ್ದ ಅಂತ ಕೇಳಿದರೆ ಪೊಲೀಸರಿಗೆ ಉತ್ತರ ಕೊಡೋದು ಕಷ್ಟವಾಗುತ್ತದೆ.

ಇದರ ಉಲ್ಟಾ ತಪ್ಪನ್ನು ಅಧಿಕಾರಿಗಳು ಮಾಡುತ್ತಾರೆ. ‘ಮೈಮೇಲೆ ಗಾಯದ ಗುರುತೇ ಇಲ್ಲ, ಹೊಡೆದಿಲ್ಲ.’ ಬೋರಲು ಮಲಗಿಸಿ ಬೆನ್ನ ಮೇಲೆ ಕೂತರೆ ಹೊರಗೆ ಏನೂ ಕಾಣದೇ ಇರಬಹುದು. ಹೊಟ್ಟೆಗೆ ಒದ್ದರೆ ಚರ್ಮ ಹಾಗೇ ಇದ್ದು ಒಳಗೆ ಗುಲ್ಮವೋ (ಸ್ಪ್ಲೀನ್) ಕರುಳೋ ಹರಿದಿರಬಹುದು. ಅಂಗಾಲಿಗೆ ಹೊಡೆದರೆ ದಪ್ಪ ಚರ್ಮದ ಮೇಲೆ ಬಾಸುಂಡೆ ಏಳೋದು ಕಮ್ಮಿ. ಅಂಗಾಲನ್ನು ಕೊಯ್ದು ನೋಡದ ವೈದ್ಯರಿಗೆ ಅದು ಸಿಗೋದೇ ಇಲ್ಲ. ಲಾಠಿಯ ಗುರುತು ಸಿಕ್ಕಾಗ ಮಾತ್ರ ಅದನ್ನು ತಪ್ಪು ತಿಳಿಯೋದು ಕಷ್ಟ: ರೈಲು ಹಳಿಯ ಹಾಗೆ ಎರಡು ಸಮಾನಾಂತರ ಕೆಂಪು ಗೆರೆ, ನಡುವೆ ಬಿಳಿಚಿಕೊಂಡ ಜಾಗ. ಕೋಲು ಬಿದ್ದ ಕಡೆಯಿಂದ ರಕ್ತ ಎರಡೂ ಪಕ್ಕಕ್ಕೆ ಚಿಮ್ಮಿ ನಾಳ ಒಡೆಯೋದರಿಂದ ಹಾಗಾಗುತ್ತದೆ. ಬಿದ್ದು ಹೊರಳಾಡಿದರೆ ಮೈಮೇಲೆ ರೈಲು ಹಳಿ ಮೂಡೋದಿಲ್ಲ.

ಹೊರಳಾಡಿದ್ದು ಅಂದಾಗ ನೆನಪಾಯಿತು. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಜಯರಾಜ್ ಮತ್ತು ಅವರ ಮಗ ಬೆನ್ನಿಕ್ಸ್‌ರನ್ನು ಲಾಕ್‌ಡೌನ್ ಹೊತ್ತಿನಲ್ಲಿ ಅಂಗಡಿ ತೆರೆದಿಟ್ಟ ಆರೋಪದಲ್ಲಿ ಕರೆದೊಯ್ದರು. ಅವರು ತಾವೇ ನೆಲದಲ್ಲಿ ಹೊರಳಾಡಿ ಗಾಯ ಮಾಡಿಕೊಂಡರು ಅನ್ನೋದು ಪೊಲೀಸರು ದಾಖಲಿಸಿದ ಮಾತು. ಮಗನಿಗೆ ಉಸಿರಾಟದ ತೊಂದರೆ, ತಂದೆಗೆ ಜ್ವರ ಅನ್ನೋದು ಸರ್ಕಾರದ ಕಡೆಯ ಮೊದಲ ಹೇಳಿಕೆ. ಒಬ್ಬರ ಹಿಂದೆ ಒಬ್ಬರು ಒಂದು ದಿನದೊಳಗೆ ಸತ್ತರು. ತನಿಖೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಅದೇ ಠಾಣೆಯ ಮಹಿಳಾ ಹೆಡ್ ಕಾನ್ಸ್‌ಟೇಬಲ್ ಒಬ್ಬರು ರಾತ್ರಿಯಿಡೀ ಹೊಡೆದರು, ಲಾಠಿಗೂ ಮೇಜಿಗೂ ರಕ್ತ ಅಂಟಿತ್ತು ಅಂತ ಹೇಳಿಕೆ ಕೊಟ್ಟರು. ಸಿಸಿಟಿವಿ? ಹಾರ್ಡ್ ಡಿಸ್ಕಿನಲ್ಲಿ ಒಂದು ಟಿಬಿ ಜಾಗವಿತ್ತು, ಆದರೆ ಪ್ರತಿದಿನದ ದೃಶ್ಯ ತಾನಾಗಿ ಅಳಿಸಿಹೋಗುವಂತೆ ಸೆಟ್ ಮಾಡಲಾಗಿತ್ತು ಅಂತ ಮ್ಯಾಜಿಸ್ಟ್ರೇಟ್ ವರದಿ ಹೇಳಿತು. ‘ಸೆಟ್ ಮಾಡಲಾಗಿತ್ತು’, ನೋಡಿ ಮತ್ತೆ ಅದೇ ವ್ಯಾಕರಣ.

ಭಾರತದಲ್ಲಿ ನಿಯಮಗಳಿಗೇನೂ ಬರ ಇಲ್ಲ. ಕಸ್ಟಡಿ ಸಾವನ್ನು 24 ಗಂಟೆಯೊಳಗೆ ತಿಳಿಸಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಹೇಳಿದೆ, ಪೋಸ್ಟ್‌ಮಾರ್ಟಮ್ ವಿಡಿಯೋ ಮಾಡಬೇಕು ಅಂತ 1995ರಲ್ಲಿ. ಬಂಧಿತರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಠಾಣೆಗಳಲ್ಲಿ ಸಿಸಿಟಿವಿ ಹಾಕಿ, ದೃಶ್ಯ 18 ತಿಂಗಳು ಇಡಿ ಅಂತ 2020ರಲ್ಲಿ. ಮ್ಯಾಜಿಸ್ಟ್ರೇಟ್ ವಿಚಾರಣೆ ಕಾನೂನಿನಲ್ಲೇ ಇದೆ. ಆದರೂ ವರದಿ ಕೈಯಲ್ಲಿದ್ದಾಗಲೇ ಬೇರೆ ಕಥೆ ಕೇಳಬೇಕಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಪರ್ಭಣಿಯಲ್ಲಿ ಸೋಮನಾಥ ಸೂರ್ಯವಂಶಿ ಅನ್ನೋ ಕಾನೂನು ವಿದ್ಯಾರ್ಥಿ ನ್ಯಾಯಾಂಗ ಬಂಧನದಲ್ಲಿದ್ದಾಗ ಸತ್ತರು. ಪೋಸ್ಟ್‌ಮಾರ್ಟಮ್‌ನ ಪ್ರಾಥಮಿಕ ಅಭಿಪ್ರಾಯ, ಹಲವು ಗಾಯಗಳಿಂದಾದ ‘ಶಾಕ್’ (ಹೃದಯಾಘಾತ ಅಲ್ಲ). ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಹೇಳಿದ್ದು, ಹಿಂಸೆ ಕೊಟ್ಟಿಲ್ಲ, ಉಸಿರಾಟದ ಕಾಯಿಲೆ ಇತ್ತು. ಎಫ್ಐಆರ್ ಹಾಕಿ ಅಂತ ಹೈಕೋರ್ಟ್ ಹೇಳಬೇಕಾಯಿತು, ಅದನ್ನು ತಡೆಯೋಕೆ ಹೋದ ಸರ್ಕಾರಕ್ಕೆ ಸುಪ್ರೀಂ ಕೋರ್ಟಿನಲ್ಲೂ ಬೇಕಾದ್ದು ಸಿಗಲಿಲ್ಲ.

ಇರಾನಿನಲ್ಲಿ 2022ರಲ್ಲಿ ಹಿಜಾಬ್ ಸರಿಯಾಗಿ ಹಾಕಿಲ್ಲ ಅಂತ ಪೊಲೀಸರು ಹಿಡಿದಿದ್ದ ಮಹ್ಸಾ ಅಮಿನಿ ಅನ್ನೋ ಯುವತಿ ಸತ್ತಾಗ ಸರ್ಕಾರಿ ವೈದ್ಯಕೀಯ ಸಂಸ್ಥೆ ತಲೆಗೆ ಪೆಟ್ಟು ಬಿದ್ದಿಲ್ಲ, ಎಂಟನೇ ವಯಸ್ಸಿನಲ್ಲಿ ಆಗಿದ್ದ ಮೆದುಳಿನ ಆಪರೇಷನ್‌ಗೆ ಸಂಬಂಧಿಸಿದ ಹಳೆಯ ಕಾಯಿಲೆ ಅಂದಿತು. ಮನೆಯವರು ಒಪ್ಪಲಿಲ್ಲ. 2024ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ದೈಹಿಕ ಹಿಂಸೆಯೇ ಸಾವಿಗೆ ಕಾರಣ ಅಂದಿತು. ದೇಶ ಯಾವುದಾದರೂ ಇರಲಿ, ಹಳೆಯ ಕಾಯಿಲೆ ಎಲ್ಲ ಕಡೆ ಸಮಯಕ್ಕೆ ಸರಿಯಾಗಿ ನೆನಪಿಗೆ ಬರುತ್ತದೆ.

ನಿಜವಾಗಿಯೂ ಕಾಯಿಲೆಯಿಂದ ಸಾಯುವವರು ಇಲ್ವಾ ಅಂದರೆ, ಇದ್ದಾರೆ. ದಿನಾ ಕುಡಿಯುವವನನ್ನು ಒಳಗೆ ಹಾಕಿದರೆ ಎರಡು ಮೂರು ದಿನದಲ್ಲಿ ಕುಡಿತ ನಿಂತದ್ದರಿಂದಲೇ ಫಿಟ್ಸ್ ಬಂದು, ಸನ್ನಿ ಹಿಡಿದು ಸಾಯಬಹುದು. ತಲೆಗೆ ಮೊದಲೇ ಪೆಟ್ಟಾಗಿ ತೊದಲುತ್ತಿರುವವನನ್ನು, ಶುಗರ್ ಇಳಿದು ತೂರಾಡುತ್ತಿರುವವನನ್ನು ‘ಕುಡಿದಿದ್ದಾನೆ, ಬೆಳಿಗ್ಗೆ ಸರಿಹೋಗುತ್ತಾನೆ’ ಅಂತ ಮೂಲೆಯಲ್ಲಿ ಮಲಗಿಸಿಬಿಡುತ್ತಾರೆ. ಬೆಳಿಗ್ಗೆ ಅವನು ಏಳೋದಿಲ್ಲ. ಇಲ್ಲಿ ಯಾರೂ ಕೈ ಎತ್ತಿಲ್ಲ. ಆದರೆ ಮನೆಯಲ್ಲಿದ್ದಿದ್ದರೆ ಅವನು ತಾನೇ ಡಾಕ್ಟರ ಹತ್ತಿರ ಹೋಗಬಹುದಿತ್ತು, ಹೆಂಡತಿ ಆಟೋ ಕರೆಸಬಹುದಿತ್ತು. ಲಾಕಪ್ಪಿನಲ್ಲಿ ನೀರು ಕುಡಿಯೋಕೂ ಇನ್ನೊಬ್ಬರನ್ನು ಕೇಳಬೇಕು. ಹೀಗೆ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡವರು ಉತ್ತರವನ್ನೂ ಕೊಡಬೇಕು ಅನ್ನೋದು ನನ್ನ ವಾದ. ‘ಸಹಜ ಸಾವು’ ಅಂತ ವರದಿ ಬಂದರೂ, ಅವನು ಎಷ್ಟು ಗಂಟೆಗೆ ನೋವು ಅಂದ, ಯಾರಿಗೆ ಅಂದ, ಡಾಕ್ಟರು ಎಷ್ಟು ಗಂಟೆಗೆ ನೋಡಿದರು ಅನ್ನೋ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

ಈ ಇಡೀ ವ್ಯವಹಾರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬಹಳ ಹಳೆಯ ಕೇಸು. 1971ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನ ಜಾನ್ ವೋರ್ಸ್ಟರ್ ಸ್ಕ್ವೇರ್ ಪೊಲೀಸ್ ಕಟ್ಟಡದ ಹತ್ತನೇ ಮಹಡಿಯಿಂದ, ಬಂಧನದಲ್ಲಿದ್ದ ಅಹ್ಮದ್ ತಿಮೋಲ್ ಬಿದ್ದು ಸತ್ತರು. ವರ್ಣಭೇದದ ವಿರುದ್ಧ ಕೆಲಸ ಮಾಡುತ್ತಿದ್ದ ಶಾಲಾ ಮೇಷ್ಟ್ರು ಅವರು. ಕಿಟಕಿಯಿಂದ ತಾವೇ ಹಾರಿದರು ಅಂದರು ಪೊಲೀಸರು, 1972ರಲ್ಲಿ ಮ್ಯಾಜಿಸ್ಟ್ರೇಟ್ ಅದಕ್ಕೆ ಆತ್ಮಹತ್ಯೆ ಅಂತ ಮುದ್ರೆ ಒತ್ತಿದರು. ಕುಟುಂಬ ಬಿಡಲಿಲ್ಲ. 2017ರಲ್ಲಿ ವಿಚಾರಣೆ ಮತ್ತೆ ತೆರೆಯಿತು. ಕೊಯ್ದು ನೋಡೋಕೆ ದೇಹ ಇರಲಿಲ್ಲ, ಬೀಳೋದನ್ನು ತೋರಿಸುವ ವಿಡಿಯೋ ಇರಲಿಲ್ಲ. ಇದ್ದದ್ದು 1971ರ ಶವಪರೀಕ್ಷೆಯಲ್ಲಿ ಬರೆದಿಟ್ಟ ಗಾಯಗಳ ವಿವರ. ಇಬ್ಬರು ಹೊಸ ತಜ್ಞರು ಆ ಹಳೆಯ ದಾಖಲೆಯನ್ನು ಒಂದೊಂದಾಗಿ ಓದಿ, ಇದು ಬಿದ್ದದ್ದರಿಂದ ಆಗಬಹುದು, ಇದು ಆಗೋದಿಲ್ಲ ಅಂತ ಬೇರ್ಪಡಿಸಿದರು. ದವಡೆಯ ಗಾಯ, ಬುರುಡೆಯ ಗಾಯ, ಬೀಳುವುದಕ್ಕೆ ಮೊದಲೇ ಆದವು. ತಿಮೋಲ್ ಹಾರಿದ್ದಲ್ಲ, ತಳ್ಳಿದ್ದು, ಇದು ಕೊಲೆ ಅಂತ ನ್ಯಾಯಾಧೀಶ ಬಿಲ್ಲಿ ಮೊಥ್ಲೆ 46 ವರ್ಷದ ಮೇಲೆ ತೀರ್ಪು ಕೊಟ್ಟರು. ಕೊನೆಯದಾಗಿ ಅವರ ಜೊತೆ ಕೋಣೆಯಲ್ಲಿದ್ದೆ ಅಂದಿದ್ದ ಪೊಲೀಸನ ಮೇಲೆ 2018ರಲ್ಲಿ ಕೇಸು ಬಿತ್ತು, ಕೇಸು ಮುಗಿಯುವ ಮೊದಲೇ 2021ರಲ್ಲಿ ಅವನೂ ತೀರಿಕೊಂಡ.

1971ರ ಆ ಕಾಗದ 1972ರಲ್ಲೂ ಕೋರ್ಟಿನ ಮುಂದೆ ಇತ್ತು. ಅದರಲ್ಲಿದ್ದ ಗಾಯಗಳೂ ಅವೇ.